ಏಳು ಬಣ್ಣದ ಹಕ್ಕಿಮನೆಯನ್ನು ಒಡೆದ ಬಗ್ಗೆ

ಹೆಸರು: ಠಾಣೆಯ ಪುಸ್ತಕದಲ್ಲಿ ಬರೆಸಿದಂತೆ, ಎಲ್ಲರೂ ಕರೆಯುವುದು ಬುಗುರಿ ಎಂದು. ವಯಸ್ಸು: 19. ಓದು: ಒಂಬತ್ತನೇ ತರಗತಿ, ಅರ್ಧಕ್ಕೆ ಬಿಟ್ಟದ್ದು. ಕೆಲಸ: ಸೋದರಮಾವನ ಬಡಗಿ ಅಂಗಡಿಯಲ್ಲಿ ಮರಗೆಲಸ. ವಾಸ: ಅದೇ ಅಂಗಡಿಯ ಅಟ್ಟ.

ಯಾರೂ ಕರೆಸದೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ಬಡಾವಣೆಯ ಸಂಘದ ಅಧ್ಯಕ್ಷರು, ಸ್ವಂತ ಕೈಯಿಂದ ಮಾಡಿದ ಹಕ್ಕಿಮನೆಗಳ ಸ್ಪರ್ಧೆಯಲ್ಲಿ ಮೂರು ವರ್ಷ ಸತತವಾಗಿ ಮೊದಲ ಬಹುಮಾನ ಪಡೆದಿದ್ದಾರೆ. ಆ ಮೂರು ಮನೆಗಳನ್ನೂ ಮಾಡಿದವಳು ನಾನು. ಇಷ್ಟು ದಿನ ಇದನ್ನು ಮುಚ್ಚಿಟ್ಟಿದ್ದೆ. ಅಧ್ಯಕ್ಷರ ಸ್ವಂತ ಕೈ ಅವುಗಳ ಮೇಲೆ ಬಿದ್ದದ್ದು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ. ಮೊದಲ ವರ್ಷ ಬಣ್ಣ ಸರಿಯಾಗಿ ಒಣಗಿರಲಿಲ್ಲ, ಹಸಿರು ಅವರ ಅಂಗೈಗೆ ಅಂಟಿತು. ಅದನ್ನೇ ಎತ್ತಿ ತೋರಿಸಿ, ದುಡಿದ ಕೈ ನೋಡಿ ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ವರ್ಷದ ಮನೆಯ ಕೆಲಸ ಎರಡು ತಿಂಗಳ ಹಿಂದೆ 3ನೇ ತಾರೀಖು ಶುರುವಾಯಿತು. ಎತ್ತರ ಹದಿನೆಂಟು ಅಂಗುಲ, ಅಗಲ ಆರು. ಹೊರಗೆ ಮೂರು ಅಂತಸ್ತು, ಏಳು ಬಣ್ಣ, ಬಣ್ಣದಲ್ಲೇ ಬರೆದ ಸುಳ್ಳು ಕಿಟಕಿಗಳು, ಕನ್ನಡಿ ಚೂರು ಅಂಟಿಸಿದ ಚಾವಣಿ. ಒಳಗೆ ಅಂತಸ್ತೂ ಇಲ್ಲ ಏನೂ ಇಲ್ಲ, ಒಂದೇ ಬಾವಿ. ಹಕ್ಕಿ ಹೋಗುವ ತೂತು ತಳದಿಂದ ಹದಿಮೂರು ಅಂಗುಲ ಮೇಲೆ. ಇಂಥ ಮನೆಯ ಒಳಗೋಡೆಯನ್ನು ನುಣುಪು ಮಾಡಬಾರದು. ತೂತಿನ ಕೆಳಗೆ ಉಳಿಯಿಂದ ಅಡ್ಡ ಗೀರು ಹಾಕಬೇಕು. ಮರಿಗಳು ಅದಕ್ಕೆ ಉಗುರು ಕೊಟ್ಟು ಹತ್ತಿ ಹೊರಗೆ ಬರುತ್ತವೆ. ಇದನ್ನು ನನಗೆ ಕಲಿಸಿದವರು ಮಾವ.

5ನೇ ತಾರೀಖು ಸಂಜೆ ಅಧ್ಯಕ್ಷರು ಅಂಗಡಿಗೆ ಬಂದು, ಹೋದ ವರ್ಷ ಒಳಗೆ ಕೈಯಾಡಿಸಿದ ತೀರ್ಪುಗಾರರ ಬೆರಳಿಗೆ ಸಿಬಿರು ಚುಚ್ಚಿತ್ತು, ಈ ಸಲ ಒಳಗೂ ಗಾಜಿನ ಹಾಗಿರಬೇಕು, ಎರಡು ಸಲ ವಾರ್ನಿಶ್ ಹೊಡೀರಿ ಅಂದರು. ಮರಿಗಳು ಹೇಗೆ ಹತ್ತುತ್ವೆ ಸಾರ್ ಎಂದು ಕೇಳಿದೆ. ಬಹುಮಾನ ಕೊಡೋದು ಮರಿಗಳಲ್ಲಮ್ಮ ಅಂದರು. ಮಾವ ನಕ್ಕರು. ಬಡಾವಣೆಯ ನೂರಾ ಹತ್ತು ಮನೆಗಳ ಬಾಗಿಲು, ಕಿಟಕಿ ರಿಪೇರಿ ಮಾವನಿಗೇ ಬರುತ್ತದೆ, ಆದ್ದರಿಂದ ಅಧ್ಯಕ್ಷರು ಸೀನಿದರೂ ಮಾವ ನಗುತ್ತಾರೆ. ಅಧ್ಯಕ್ಷರು ಹೋದ ಮೇಲೆ ಮಾವ, ಬಾಯಿಗೆ ಬೀಗ ಹಾಕ್ಕೊಂಡು ಹೇಳಿದ್ದು ಮಾಡೇ ಎಂದರು. ಮಾಡಿದೆ. ಒಳಗೋಡೆಗೆ ಸ್ಯಾಂಡ್ ಪೇಪರ್ ಉಜ್ಜಿ, ಎರಡರ ಬದಲು ಮೂರು ಸಲ ವಾರ್ನಿಶ್ ಕೊಟ್ಟೆ. ಕೆಲಸ ಚೆನ್ನಾಗಿ ಬರಲಿ ಎಂಬ ಆಸೆ ನನಗೂ ಇತ್ತು. ಇದನ್ನೂ ಬರೆದುಕೊಳ್ಳಬೇಕು.

ಬಹುಮಾನ ಬಂತು. ಅದೇ ತಿಂಗಳು 12ನೇ ತಾರೀಖು ಮನೆಯನ್ನು ಸಂಘದ ಕಚೇರಿಯ ಎದುರು ಎಂಟು ಅಡಿ ಕಂಬದ ಮೇಲೆ ಕೂರಿಸಿದರು. ಕನ್ನಡಿ ಚೂರು ಯಾರಾದರೂ ಕದ್ದಾರೆಂದು ಅಧ್ಯಕ್ಷರು ಚಾವಣಿಗೆ ಸ್ಕ್ರೂ ಹಾಕಿಸಿದರು. ಕಂಬಕ್ಕೆ, ಮುಟ್ಟಬಾರದು ಎಂಬ ಬೋರ್ಡು. ಅದರಡಿಯಲ್ಲಿ ಅವರ ಹೆಸರು. ಒಂದು ಜೋಡಿ ಗುಬ್ಬಿ ಬಂದು ಗೂಡು ಕಟ್ಟಿತು. ಗುಬ್ಬಿಗಳಿಗೆ ಬೋರ್ಡು ಓದಲು ಬರುವುದಿಲ್ಲ.

ಈ ತಿಂಗಳು 10, ಗುರುವಾರ, ಬೆಳಿಗ್ಗೆ 8.15ಕ್ಕೆ ಬಡಾವಣೆಯ ಮಾಲಿ ಅಂಗಡಿಗೆ ಬಂದರು. ಅವರಿಗೆ ಅರವತ್ತೆಂಟು ವರ್ಷ, ಕಚೇರಿಯ ಹಿಂದಿನ ಪಂಪ್ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಬುಗುರಿ, ಮರಿಗಳು ಬಲಿತಿವೆ ಕಣೇ, ಎರಡು ದಿನದಿಂದ ಒಳಗೇ ಹತ್ತೋದು ಜಾರೋದು, ಕೇಳಕ್ಕಾಗಲ್ಲ ಎಂದರು. ನಾನು 8.40ಕ್ಕೆ ಅಧ್ಯಕ್ಷರ ಮನೆಗೆ ಹೋಗಿ ಹೇಳಿದೆ. ಅವರು ಬಾಗಿಲಲ್ಲೇ ನಿಂತು, ಮನೆ ಅಷ್ಟು ಹಿಡಿಸಿದೆ ಅವಕ್ಕೆ, ಅದಕ್ಕೇ ಬಿಟ್ಟು ಹೋಗ್ತಿಲ್ಲ, ಭಾನುವಾರ ಪತ್ರಿಕೆಯವರು ಬರ್ತಾರೆ, ಅಲ್ಲೀತನಕ ಇರ್ಲಿ ಬಿಡು ಎಂದರು. ಮಾವ ನನಗೆ ಆ ಕಡೆ ಹೋಗಕೂಡದು ಎಂದರು. ಎರಡು ದಿನ ಅವರ ಮಾತು ಕೇಳಿದೆ. ಕೇಳಬಾರದಿತ್ತು.

12, ಶನಿವಾರ, ಮಧ್ಯಾಹ್ನ 2.20ಕ್ಕೆ ಅಂಗಡಿಯ ಏಣಿಯನ್ನು ನಾನೂರು ಮೀಟರ್ ಹೊತ್ತು ಹೋಗಿ, ಮನೆಯನ್ನು ಕೆಳಗಿಳಿಸಿ ಸ್ಕ್ರೂ ಬಿಚ್ಚಿದೆ. ನಾಲ್ಕು ಮರಿಗಳಿದ್ದವು. ಎರಡು ಸತ್ತಿದ್ದವು. ಒಳಗೋಡೆಯ ಮೇಲೆ ಬೆರಳಾಡಿಸಿದೆ. ಉಗುರಿನ ಒಂದು ಗೀರೂ ಇರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ. ಬದುಕಿದ್ದ ಎರಡನ್ನು ಗೂಡಿನ ಸಮೇತ ಬುಟ್ಟಿಗೆ ಹಾಕಿ ಬೇಲಿಯ ಮೇಲಿಟ್ಟೆ. ತಾಯಿಗುಬ್ಬಿ ಹತ್ತು ನಿಮಿಷದಲ್ಲಿ ಬಂತು. ಆಮೇಲೆ ಕಚೇರಿಯ ಮೆಟ್ಟಿಲ ಮೇಲಿಟ್ಟು ಸುತ್ತಿಗೆಯಿಂದ ಮನೆಯನ್ನು ಒಡೆದೆ. ಹನ್ನೊಂದು ಏಟು ಬೇಕಾಯಿತು, ಜೋಡಣೆ ಗಟ್ಟಿಯಿತ್ತು.

ಸದ್ದಿಗೆ ಮಾಲಿ ಬಂದು, ಹೋಗು ಮಗಳೇ, ಇದನ್ನ ನಾನು ನೋಡ್ಕೋತೀನಿ ಎಂದು ಚೂರುಗಳನ್ನು ತಮ್ಮ ಕೈಗಾಡಿಗೆ ಗುಡಿಸಿಕೊಂಡರು. ನಾನು ಹೋದೆ. ಅದು ಎರಡನೇ ತಪ್ಪು. ಚೂರುಗಳು ಅವರ ಗಾಡಿಯಲ್ಲಿ ಸಿಕ್ಕವೆಂದು ಅಧ್ಯಕ್ಷರು ಅವರ ಮೇಲೆ ದೂರು ಕೊಟ್ಟು, ಮಂಗಳವಾರ ಮಧ್ಯಾಹ್ನದೊಳಗೆ ಕೋಣೆ ಖಾಲಿ ಮಾಡಲು ಹೇಳಿದ್ದಾರೆ. ಮಾಲಿ ನನ್ನ ಹೆಸರು ಹೇಳಿಲ್ಲ. ಭಾನುವಾರ ಸಂಜೆ ಮಾವ ಈ ಸುದ್ದಿ ತಂದು, ಸದ್ಯ, ನಮ್ಮ ಹೆಸರು ಬರಲಿಲ್ಲ ಎಂದು ಊಟಕ್ಕೆ ಕೂತರು. ನಾನು ಠಾಣೆಗೆ ಹೋಗುತ್ತೇನೆಂದೆ. ಹೋದ್ರೆ ಅಟ್ಟದಿಂದ ನಿನ್ನ ಪೆಟ್ಟಿಗೆ ಇಳಿಸ್ಕೊಂಡು ಹೋಗು ಎಂದರು.

ಮಾಲಿ ಆ ಮನೆಯ ಒಂದು ಮೊಳೆಯನ್ನೂ ಮುಟ್ಟಿಲ್ಲ. ಸಾಕ್ಷಿ ಬೇಕಿದ್ದರೆ, ಮೂರೂ ಮನೆಗಳ ತಳದಲ್ಲಿ ನಾನು ಕಾದ ಮೊಳೆಯಿಂದ ಸುಟ್ಟ ಸಣ್ಣ ಬುಗುರಿಯ ಗುರುತಿದೆ. ಹಳೆಯ ಎರಡು ಅಧ್ಯಕ್ಷರ ಹಾಲ್‌ನಲ್ಲಿವೆ. ಸ್ವಂತ ಕೈಯವರು ಒಮ್ಮೆಯೂ ತಿರುವಿ ನೋಡಿಲ್ಲ. ಬದುಕಿದ ಮರಿಗಳು ಭಾನುವಾರ ಬೆಳಿಗ್ಗೆ 7.30ಕ್ಕೆ ಬೇಲಿಯಿಂದ ಹಾರಿದವು. ಪತ್ರಿಕೆಯವರು 11ಕ್ಕೆ ಬಂದರು.

ಬರೆದುಕೊಂಡ ಪೊಲೀಸರು ಇದನ್ನು ನನಗೆ ಓದಿ ಹೇಳಿದರು. ಮರಿಗಳನ್ನು ತೆಗೆಯುವಾಗ ಆಕಸ್ಮಿಕವಾಗಿ ಒಡೆಯಿತು ಎಂದು ಒಂದು ಕಡೆ ದಯೆಯಿಂದ ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, ಮರಿಗಳನ್ನು ತೆಗೆದ ಮೇಲೆ ಬೇಕೆಂದೇ ಒಡೆದೆ ಎಂದು ಬರೆಸಿದ್ದೇನೆ. ಈಗ ಎಲ್ಲವೂ ನಡೆದಂತೆಯೇ ಇದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಸೋಮವಾರ, ಬೆಳಿಗ್ಗೆ 10.50
ಸಹಿ: (ಬುಗುರಿ)

ಸಹಿಯ ನಂತರ ಸೇರಿಸಿದ್ದು: ಮೇಲೆ ಕೊಟ್ಟ ವಿಳಾಸ ಇವತ್ತಿನ ಮಟ್ಟಿಗೆ ಸರಿ. ಹೊಸ ವಿಳಾಸ ಸಿಕ್ಕ ದಿನ ಠಾಣೆಗೆ ಬರೆದು ತಿಳಿಸುತ್ತೇನೆ. ನಾಳೆ ಬೆಳಿಗ್ಗೆ 6.40ರ ಬಸ್ಸಿಗೆ ಹೋಗುತ್ತಿದ್ದೇನೆ.