ಭರಮವ್ವಗ ಓದಿ ಹೇಳಿದ ಪುಸ್ತಕ

…ನಗಬ್ಯಾಡ. ಬಳಿ ಚುಚ್ಚೂದಿಲ್ಲೇನು? ಒಡದ ಬಳಿ ಚುಚ್ಚತಾವ. ನಿನ್ನ ಮಗ ಹಂಗ ಬರದಾನ, ನಾ ಏನ್ ಮಾಡ್ಲಿ. ‘ಗಲ್ಲಕ್ಕ ಗಲ್ಲ ಹಚ್ಚಿದ್ರ… ಬಳಿ ಚುಚ್ಚತಾವ.’ ಗಲ್ಲದ ಮ್ಯಾಲೆ ಬಳಿ ಹ್ಯಾಂಗ ಬಂದೂ ಅಂತ ಕೇಳ್ತಿ? ಕವಿತಾದಾಗ ಬರ್ತಾವ. ಎಲ್ಲಾದಕ್ಕೂ ಯಾಕ ಅಂತ ಕೇಳಬಾರದು.

ನಿಂದರು, ಚಸ್ಮಾ ಒರಸ್ತೀನಿ. ಬೆಳಕ ಇರೂದ್ರಾಗ ಇನ್ನೊಂದೆರಡ ಓದ್ತೀನಿ. ನೀ ಕಡ್ಲಿ ಹಸನ ಮಾಡಕೋತ ಕೇಳು.

ಏನು, ಮತ್ತ ನಿನ್ನ ಹೆಸರ ನೋಡಬೇಕಾ? ಇಲ್ಲಿ ಐತಿ, ಮೊದಲನೇ ಹಾಳಿ ಮ್ಯಾಲೆ. ‘ನಮ್ಮವ್ವ ಭರಮವ್ವಗ, ನಮ್ಮಪ್ಪ ಸಿದರಾಯಗ.’ ಬೆರಳ ಅಲ್ಲಲ್ಲ, ಇಲ್ಲಿಡು. ಇದ ನೋಡು, ನೀನು. ಬಾಜೂಕ ಇದು ನಾನು. ಸಾಲಿ ಮೆಟ್ಲಾ ಹತ್ತಲಾರದಾಕಿ ಹೆಸರ ಛಾಪಾ ಆಗೇತಿ. ಖಾನಾಪುರ ತಾಲೂಕ ಕಚೇರಿಯೊಳಗ ನಾ ಇಷ್ಟ ವರ್ಷ ಸಿಪಾಯಿ ಆಗಿ ಫೈಲ್ ಹೊತ್ತೀನಿ, ನನ್ನ ಹೆಸರು ಎಲ್ಲೂ ಛಾಪಾ ಆಗಿರಲಿಲ್ಲ… ಖುಷಿ ಇಲ್ಲೇನು ಅಂದ್ರ, ಐತಿ. ಇರಬೇಕು. ನನಗ ಗೊತ್ತಾಗವಲ್ದು.

ರವಿವಾರದ್ದಾ? ಮತ್ತ ಅದನ್ನ ಕೇಳ್ತಿ. ಹೇಳೀನಲ್ಲ. ರಾಮತೀರ್ಥ ನಗರದಾಗ ಯಾರದೋ ಮನಿ, ಅವರ ಮಾಳಗಿ ಮ್ಯಾಲಿನ ಹಾಲ್ ಅಂತ. ಪುಸ್ತಕ ಓದೂ ಮಂದಿ ಕೂಡ್ತಾರ, ನಮ್ಮ ಯಲ್ಲೇಶ ತನ್ನ ಕವಿತಾ ಓದ್ತಾನ. ಅಲ್ಲಿ ನಮಗೇನ ಕೆಲಸ? ನಿನ್ನ ಮೊಣಕಾಲ ನೋವು, ಬೆಳಗಾವಿ ಬಸ್ಸಿನ ಗದ್ಲಾ… ಬರಾಕ ಆಗೂದಿಲ್ಲ ಅಂತ ಅಂವಗ ನಾ ಹೇಳೀನಿ. ಆತಪ್ಪ ಅಂದ.

ಇದನ್ನ ಕೇಳು. ಇದು ಛಲೋ ಐತಿ, ನಮ್ಮ ಮನೀದ ಐತಿ.

‘ನಮ್ಮ ಕಟ್ಟಿ ಮ್ಯಾಲೆ ಕುಂತ ಉಂಡಾ… ಉಂಡಾಳ. ಅವ್ವ ನೀಡಿದ ಝುಣಕಾ ಇನ್ನೊಂದೀಟ ಅಂತ ಕೇಳ್ಯಾಳ. ತನ್ನ ತಾಟ ತಾನ ತೊಳದ ಇಟ್ಟಾಳ, ಅವ್ವ ಬ್ಯಾಡಂದ್ರೂ.’

ಛಂದ ಐತಿಲ್ಲ? ನೋಡಿದ್ದ ನೋಡಿದಂಗ ಬರದಾನ.

ಹೂಂ ಅನ್ನು. ಇಷ್ಟೊತ್ತನ ಹೂಂ ಅನಕೋತ ಬಂದಿ… ಭರಮವ್ವ? ಕೈ ಯಾಕ ನಿಂದರಿಸಿದಿ? ಮೊರ ವಾಲೇತಿ, ಕಡ್ಲಿ ಚೆಲ್ಲಾಕತ್ತಾವ ನೋಡು.

ಆ ಹುಡುಗಿ ಯಾರಂತ ವಿಚಾರ ಮಾಡಾಕತ್ತೇನು? ಯಾರರ ಇರ್ತಾಳ. ಅವನ ಸಾಲ್ಯಾಗ ಪ್ರಮಿಳಾ ಅಂತ ಟೀಚರ್ ಒಬ್ರು ಅದಾರ. ಬಂದಿದ್ರು ಅನಸ್ತೈತಿ ಒಮ್ಮೆ. ನೀ ಊರಾಗ ಇರಲಿಲ್ಲ ಆವಾಗ, ನಿಮ್ಮಣ್ಣನ ಮನಿಗೆ ಹೋಗಿದ್ದಿ… ಆದ್ರ ಝುಣಕಾ ನೀಡಿದಾಕಿ ನೀನ ಅಲ್ಲೇನು ಅಂತಿ? ಹೌದು. ಅವ್ವ ನೀಡ್ಯಾಳ ಅಂತ ಬರದಾನ. ನೀನ ನೀಡೀದಿ.

ನನ್ನ ಹಂಗ ನೋಡಬ್ಯಾಡ.

ಈ ಮನಿಗೆ ಯಲ್ಲೇಶನ ಸಂಗಾಟ ಯಾವ ಹುಡುಗಿನೂ ಬಂದಿಲ್ಲ. ಬಂದಂವ ಒಬ್ಬನ. ಕಟ್ಟಿ ಮ್ಯಾಲೆ ಕುಂತು ಉಂಡಂವ, ತಾಟ ತೊಳದಂವ… ಆವತ್ತ ನೀನ ಅಂದಿದ್ದಿ, ಫರಾಜಗ ಅವರವ್ವ ಛಲೋ ಕಲಿಸ್ಯಾಳ ಅಂತ.

ನಿನಗ ಯಾವಾಗ ತಿಳೀತು? ಈಗ? ಮೊದಲ ಗೊತ್ತಿತ್ತಾ? …ಇರ್ಲಿ. ಹೇಳಬ್ಯಾಡ.

ನಾ ಹೇಳ್ತೀನಿ. ಹೋದ ತಿಂಗಳ ಪುಸ್ತಕ ಕೊಡಾಕ ಬಂದನಲ್ಲ, ಸೀದಾ ಮನಿಗೆ ಬರಲಿಲ್ಲ ಅಂವ. ನನ್ನ ಟೇಶನ್ನಿಗೆ ಕರಸಿದ. ಬಾಕಿನ ಮ್ಯಾಲೆ ಕುಂದರಿಸಿ ಹೇಳಿದ. ಅಪ್ಪ, ಹಿಂದವಾಡಿ ಖೋಲ್ಯಾಗ ನನ್ನ ಕೂಡ ಇರಾಂವ ದೋಸ್ತ ಅಂತ ಹೇಳಿದ್ದೆ, ದೋಸ್ತ ಅಷ್ಟ ಅಲ್ಲ, ನಾವಿಬ್ರೂ ಕೂಡೇ ಬಾಳೆ ಮಾಡಾವ್ರು, ಈ ಪುಸ್ತಕದಾಗಿನ ಪ್ರೀತಿ ಎಲ್ಲಾ ಫರಾಜನ ಮ್ಯಾಲಿಂದ ಅಂದ. ಅವ್ವಗ ಓದಾಕ ಬರೂದಿಲ್ಲ, ಬಾಯಿಲೆ ಹೇಳಾಕ ನನ್ನ ಕಡಿಂದ ಆಗೂದಿಲ್ಲ, ನೀ ಓದಿ ಹೇಳು, ಇದ್ದಂಗ ಓದಿ ಹೇಳು ಅಂದ.

ನಾ ಏನಂದೆ ಗೊತ್ತೇನು? ಚಾ ಕುಡೀತಿಯೇನು ಅಂದೆ. ಅಷ್ಟ. ಸಿಟ್ಟ ಬರಲಿಲ್ಲ. ಅಳು ಬರಲಿಲ್ಲ. ಬಾಳೊತ್ತ ಚಕ್ಕಳಮಕ್ಕಳ ಕುಂತು ಎದ್ರ ಕಾಲ ಜೋಮ ಹಿಡೀತೈತಲ್ಲ, ಹೆಜ್ಜಿ ಇಟ್ರ ಕೆಳಗ ನೆಲ ಐತೋ ಇಲ್ಲೋ ತಿಳಿಯೂದಿಲ್ಲ, ಹಂಗಾತು. ಕಾಲಿಗಲ್ಲ, ಇಡೀ ಮೈಗೆ. ಇನ್ನಾ ಬಿಟ್ಟಿಲ್ಲ.

ಆಮ್ಯಾಲೆ ಕಚೇರಿ ಕೆಲಸದ ಮ್ಯಾಲೆ ಬೆಳಗಾವಿಗೆ ಹೋದಾಗ ಹಿಂದವಾಡಿಗೆ ಹೋಗಿದ್ದೆ. ಅವರ ಖೋಲಿ ಕೆಳಗ ನಿಂತೆ. ಮ್ಯಾಲೆ ಹತ್ತಾಕ ಆಗಲಿಲ್ಲ. ಅಲ್ಲೇ ಒಂದ ಪುಸ್ತಕದ ಅಂಗಡಿ ಐತಿ, ಹೊಕ್ಕೆ. ಕಾಂತಾ ಅಂತ ಒಬ್ರು ನಡಸ್ತಾರ. ಯಲ್ಲೇಶನ ಪುಸ್ತಕದ ಹೆಸರ ಹೇಳಿ, ಇಂಥಾವು ಇನ್ನ ಅದಾವೇನ್ರಿ ಅಂದೆ. ಯಾರಿಗೆ, ಯಾಕ ಅಂತ ಅವರು ಕೇಳಲಿಲ್ಲ. ಹೊಸಾವು ಬಂದಾವ್ರಿ ಅಂತ ಬಾಜೂಕಿನ ಕಪಾಟದಿಂದ ತಗದ ತಗದ ಮುಂದಿಟ್ರು. ಕವಿತಾ ಆಮ್ಯಾಲೆ ಓದ್ರಿ, ಮೊದಲ ಈ ಕಾದಂಬರಿ ಓದ್ರಿ, ಇಬ್ರು ಹುಡುಗ್ಯಾರದ ಕತಿ ಐತಿ ಅಂದ್ರು. ಆಮ್ಯಾಲೆ ಸಣ್ಣಗ ಅಂದ್ರು, ಇದರಾಗ ಕಡೀಕ ಯಾರೂ ಸಾಯೂದಿಲ್ರಿ, ಅದಕ್ಕ ನಿಮಗ ಕೊಡಾಕತ್ತೀನಿ.

ಅಟ್ಟದ ಮ್ಯಾಲೆ ಅದಾವ ಅವು. ಪೇಪರ ಸುತ್ತಿ ಬಸ್ಸಿನ್ಯಾಗ ಓದೀನಿ. ಛಲೋ ಐತಿ ಕಾದಂಬರಿ. ಓದಕೋತ ಒಂದಿನ ಇಳಿಯೂ ಸ್ಟಾಪ ಬಿಟ್ಟೆ. ಮಂದಿ ಹುಡುಗ್ಯಾರದ ಆದ್ರ ನೆಟ್ಟಗ ಓದತೀನಿ. ನಮ್ಮ ಹುಡುಗಂದ ಬಂದ್ರ ನಾಲಗಿ ಹೊಳ್ಳತೈತಿ. ‘ಬಂದಾನ’ ಅಂತ ಐತಿ, ‘ಬಂದಾಳ’ ಅಂತ ಬರ್ತೈತಿ ಬಾಯಾಗ. ಒಂದ ಅಕ್ಷರ. ಒಂದ ಅಕ್ಷರ ತಿರುವಿದ್ರ ಯಾರಿಗೂ ಏನೂ ಆಗೂದಿಲ್ಲ ಅನಕೊಂಡೆ… ಆ ಬಳಿನೂ ಇಲ್ಲ ಅಲ್ಲಿ. ಗಡ್ಡ ಚುಚ್ಚತೈತಿ ಅಂತ ಐತಿ.

ರವಿವಾರದ್ದೂ ಖರೇ ಹೇಳಿಲ್ಲ ನಾ. ನಿನ್ನ ಕರಕೊಂಡ ಬಾ ಅಂತ ಬಾಳ ಹೇಳ್ಯಾನ. ಮುಂದಿನ ಕುರ್ಚಿ ಅವ್ವಗ ಹಿಡದ ಇಡ್ತೀನಿ, ಬಾಜೂಕ ಫರಾಜ ಕುಂದರ್ತಾನ ಅಂದಾನ. ನೀ ಒಲ್ಲೆ ಅಂದಿ ಅಂತ ಹೇಳ್ದೆ. ನಿನ್ನ ಕೇಳದ.

ಬೈಯರ ಬೈ. ಏನರ ಅನ್ನು… ಎಲ್ಲಿಗೆ ಎದ್ದಿ? ಅಟ್ಟ ಹತ್ತಬ್ಯಾಡ, ಮೊಣಕಾಲ— ಫೋನ ಯಾಕ ತಂದಿ? ನನ್ನ ಕೈಯಾಗ ಯಾಕ ಕೊಡ್ತಿ, ನೀನ ಮಾತಾಡು. ಒಲ್ಲೇನು. ನಾನ ಹಚ್ಚಬೇಕು. ಆತು.

ಹಲೋ. ಯಲ್ಲೇಶ, ನಾನೋ. ಇಲ್ಲ, ಎಲ್ಲಾ ಆರಾಮ. ರವಿವಾರ ನಿಮ್ಮವ್ವ ಬರ್ತಾಳ… ಇಲ್ಲೋ, ಆವತ್ತ ಅಕಿ ಒಲ್ಲೆ ಅಂದಿರಲಿಲ್ಲ. ನಾ ಕೇಳಿರಲಿಲ್ಲ… ಪುಸ್ತಕಾ? ಓದಿ ಹೇಳಾಕತ್ತೀನಿ. ಇದ್ದಂಗ ಅಲ್ಲ. ಇದ್ದಂಗ ಓದಿಲ್ಲ ಇಷ್ಟ ದಿನ. ಈಗ ಓದ್ತೀನಿ. ಫೋನ ಇಡಬ್ಯಾಡ. ಫರಾಜ ಅದಾನೇನು ಅಲ್ಲಿ? ಅವಂಗೂ ಕೇಳುವಂಗ ಹಿಡಿ.

‘ನಮ್ಮ ಕಟ್ಟಿ ಮ್ಯಾಲೆ ಕುಂತ ಉಂಡಾನ. ಅವ್ವ ನೀಡಿದ ಝುಣಕಾ ಇನ್ನೊಂದೀಟ ಅಂತ ಕೇಳ್ಯಾನ. ತನ್ನ ತಾಟ ತಾನ ತೊಳದ ಇಟ್ಟಾನ, ಅವ್ವ ಬ್ಯಾಡಂದ್ರೂ.’

ಹಲೋ. ಕೇಳಸ್ತೇನೋ? …ನಿಮ್ಮವ್ವನೂ ಕೇಳಾಕತ್ತಾಳ. ಕುಂತಾಳ, ಇಲ್ಲೇ. ನನ್ನ ಹತ್ರ ಸರದ ಕುಂತಾಳ.

ಇರ್ಲಿ. ನಾ ಮುಂದಿಂದ ಓದ್ತೀನಿ.