ವೆಂಡೆಲ್ ಹೆಸರಿನ ಮುಂದಿನ ಕೆಂಪು ದೀಪ

ಸಭೆಯ ಅಧ್ಯಕ್ಷರೂ ನಮ್ಮ ಪಕ್ಷದ ಜಿಲ್ಲಾ ಮುಖ್ಯಸ್ಥರೂ ಆದ ಶ್ರೀಮತಿ ಟ್ರೀವಾ ಲಿಂಡ್‌ಕ್ವಿಸ್ಟ್ ಅವರೇ, ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳಿದ ಪಾದ್ರಿಗಳೇ, ಇಪ್ಪತ್ತೆರಡು ವರ್ಷ ರಾಜ್ಯದ ಶಾಸನಸಭೆಯಲ್ಲಿ ದುಡಿದು ಇಂದು ಬೀಳ್ಕೊಡುಗೆ ಪಡೆಯುತ್ತಿರುವ ವೆಂಡೆಲ್ ಸ್ಟ್ರಾಡರ್ ಅವರೇ, ಬೆಂಕಿ ಆರಿಸುವ ಲಾರಿಗಳನ್ನು ಹೊರಗೆ ನಿಲ್ಲಿಸಿ ನಮಗೆ ಜಾಗ ಬಿಟ್ಟುಕೊಟ್ಟ ಸ್ವಯಂಸೇವಕರೇ, ಕೋಳಿ ತಿಂದು ಸಿಹಿ ಪೈಗೆ ಕಾಯುತ್ತಿರುವ ಸಭಿಕರೇ,

ನಾನು ಆರ್ಲಿನ್ ಪಿಕೆಟ್. ಇದೇ ಜಿಲ್ಲೆಯ ಪಕ್ಕದ ಕ್ಷೇತ್ರದಿಂದ ಗೆದ್ದು ಹದಿನಾರು ವರ್ಷ ವೆಂಡೆಲ್ ಅವರ ಪಕ್ಕದ ಕುರ್ಚಿಯಲ್ಲೇ ಕೂತವನು. ಎಂಟನೇ ತರಗತಿಯ ನಡುವೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ಹಂದಿ ಸಾಕಣೆಗೆ ಹಚ್ಚಿದರು. ಮಸೂದೆ ಕೈಗೆ ಬಂದರೆ ಮೊದಲು ಎಷ್ಟು ಪುಟ ಎಂದು ನೋಡುತ್ತಿದ್ದೆ, ಆಮೇಲೆ ವೆಂಡೆಲ್ ಮುಖ ನೋಡುತ್ತಿದ್ದೆ. "ಓದ್ಬೇಡ ಬಿಡೋ ಆರ್ಲಿನ್, ಹನ್ನೊಂದನೇ ಪುಟದಲ್ಲಿ ನಿನ್ನ ಹಂದಿಗಳಿಗೂ ತೆರಿಗೆ ಹಾಕಿದಾರೆ. ಒತ್ತು ಕೆಂಪು," ಅನ್ನುತ್ತಿದ್ದ. ಒತ್ತುತ್ತಿದ್ದೆ. ಅಲ್ಲಿ ಮತಕ್ಕೆ ಮೇಜಿನ ಮೇಲೆ ಎರಡು ಗುಂಡಿ, ಹೂಂ ಅಂದರೆ ಹಸಿರು, ಬೇಡ ಅಂದರೆ ಕೆಂಪು; ಒತ್ತಿದ ಬಣ್ಣದ ದೀಪ ಗೋಡೆಯ ಫಲಕದಲ್ಲಿ ನಮ್ಮ ಹೆಸರಿನ ಮುಂದೆ ಹತ್ತುತ್ತದೆ. ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ?

ಆತನ ಬಗ್ಗೆ ಒಳ್ಳೆಯ ನಾಲ್ಕು ಮಾತು ಹೇಳೆಂದು ಟ್ರೀವಾ ಅವರು ಹೇಳಿದ್ದಾರೆ. ಬಂದೂಕಿನ ಹಕ್ಕಿಗೆ ಹಸಿರು ದೀಪ, ಹುಟ್ಟದ ಮಗುವಿನ ಪರವಾಗಿ ಗರ್ಭಪಾತ ತಡೆಗೆ ಹಸಿರು, ತೆರಿಗೆಗೆ ಕೆಂಪು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ನಿಮ್ಮ ತಟ್ಟೆಯ ಪಕ್ಕದಲ್ಲಿರುವ ಹಾಳೆಯಲ್ಲೂ ಇದೇ ಇದೆ. 'ತೆರಿಗೆಗೆ ಒಮ್ಮೆಯೂ ಹೂಂ ಅನ್ನದ ವೆಂಡೆಲ್ ದಾರಿಯೇ ನಮ್ಮ ದಾರಿ. ಮಂಗಳವಾರ ಆಂಬುಲೆನ್ಸ್ ತೆರಿಗೆಗೆ ಬೇಡ ಎನ್ನಿ.' ಊರಿಗೊಂದು ಆಂಬುಲೆನ್ಸ್ ಇಡಲು ತೆರಿಗೆ ಬೇಕೇ ಬೇಡವೇ ಎಂದು ಮಂಗಳವಾರ ಜಿಲ್ಲೆಯ ಜನರೇ ಮತ ಹಾಕುತ್ತಾರಲ್ಲ, ಅದಕ್ಕೆ ಹಂಚಿದ ಈ ಹಾಳೆ ಬಂದ ದಿನದಿಂದ ನನಗೆ ನೆಮ್ಮದಿಯಿಲ್ಲ.

ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ನಮ್ಮ ಆಸ್ಪತ್ರೆಯನ್ನು ಉಳಿಸಲು ಒಂದು ತೆರಿಗೆ ಮಸೂದೆ ಬಂತಲ್ಲ, ಅದರ ಮಾತು. ಮತದ ಗಂಟೆ ಹೊಡೆಯುವ ಹೊತ್ತಿಗೆ ವೆಂಡೆಲ್ ಎದ್ದು ಹೊರಗೆ ಹೋದ. "ತಡವಾದ್ರೆ ನಂದೂ ಒತ್ಬಿಡೋ," ಅಂದ. ಪಕ್ಕದವನ ಗುಂಡಿ ಒತ್ತುವುದು ನಿಯಮಕ್ಕೆ ವಿರೋಧ. ಆದರೆ ಅಲ್ಲಿ ಒತ್ತದವರು ಯಾರಿದ್ದರು? ಯಾವ ಬಣ್ಣ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ತೆರಿಗೆ ಅಂದರೆ ಕೆಂಪು. ನನ್ನದು ಕೆಂಪು ಒತ್ತಿದೆ, ಅವನದೂ ಕೆಂಪು ಒತ್ತಿದೆ. ಕೈ ರೂಢಿ, ಅಷ್ಟೇ.

ಹಸಿರು ನಲವತ್ತೊಂಬತ್ತು, ಕೆಂಪು ಐವತ್ತು. ಮಸೂದೆ ಬಿತ್ತು. ಮುಂದಿನ ವಸಂತಕ್ಕೆ ಆಸ್ಪತ್ರೆ ಮುಚ್ಚಿ ಬಾಗಿಲಿಗೆ ಹಲಗೆ ಹೊಡೆದರು.

ಈಗ ಹತ್ತಿರದ ಆಸ್ಪತ್ರೆಗೆ ಐವತ್ತೆಂಟು ಮೈಲಿ. ಗಡಿಯಾರ ಹಿಡಿದು ಒಂಬತ್ತು ಸಲ ಹೋಗಿ ನೋಡಿದ್ದೇನೆ. ಅರವತ್ತೆರಡು ನಿಮಿಷ, ಗೂಡ್ಸ್ ರೈಲು ಅಡ್ಡ ಬಂದರೆ ಎಪ್ಪತ್ತು. ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ನಿಯೋಮಾಳ ಹೃದಯದ ರಕ್ತನಾಳದಲ್ಲಿ ಎರಡು ಸ್ಟೆಂಟ್ ಕೊಳವೆ ಕೂರಿಸಿದ್ದಾರೆ. "ಸುಮ್ನೆ ಮಲಗ್ರೀ, ನಾನಿನ್ನೂ ಸತ್ತಿಲ್ಲ," ಅನ್ನುತ್ತಾಳೆ. ಅವಳು ಉಸಿರಾಡುವುದನ್ನು ಎಣಿಸುತ್ತಾ ಕೂರುವವನು ನಾನು. ಊರಲ್ಲೊಂದು ಆಂಬುಲೆನ್ಸ್ ಇದ್ದರೆ ದಾರಿಯಲ್ಲಾದರೂ ಅವಳ ಮೂಗಿಗೆ ಆಮ್ಲಜನಕ ಇರುತ್ತದೆ.

ಕೈ ರೂಢಿ ಅಂದೆ. ಅದು ಪೂರ್ತಿ ನಿಜವಲ್ಲ. ಅವತ್ತು ಬೆಳಿಗ್ಗೆ ಕೆಫೆಯಲ್ಲಿ ತಿಂಡಿ ತಿನ್ನುವಾಗ ವೆಂಡೆಲ್ ಚಮಚ ಕೆಳಗಿಟ್ಟು, "ಈ ಮಸೂದೆ ನನ್ನ ನಿದ್ದೆ ಕೆಡಿಸಿದೆ ಕಣೋ. ಈ ಒಂದಕ್ಕೆ ಹೂಂ ಅಂದ್ರೆ ನಮ್ಮೋರು ನನ್ನ ಸುಲಿದುಹಾಕ್ತಾರೆ. ಆದ್ರೂ ಅನ್ಬೇಕು ಅನ್ಸ್ತಿದೆ," ಅಂದಿದ್ದ. ನಾನು ಕೇಳಿಸಿಕೊಂಡಿದ್ದೆ. ಚೆನ್ನಾಗಿಯೇ ಕೇಳಿಸಿಕೊಂಡಿದ್ದೆ. ಆಗಸ್ಟಿನಲ್ಲಿ, ಪಕ್ಷದ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಪಕ್ಷದೊಳಗಿನ ಚುನಾವಣೆ ಇತ್ತು; ತೆರಿಗೆಗೆ ಹೂಂ ಅಂದವನು ಅದರಲ್ಲಿ ಗೆಲ್ಲುವುದು ಕಷ್ಟ. ಅವನು ಸೋತರೆ ನನಗೆ ಮಸೂದೆ ಓದಿ ಹೇಳುವವರು ಯಾರು? ಆ ಹೆದರಿಕೆ ಒತ್ತಿದ ಕೆಂಪು ಅದು.

ಟ್ರೀವಾ ಅವರೇ, ಚೀಟಿ ಕಳಿಸಬೇಡಿ, ಮುಗಿಸುತ್ತಿದ್ದೇನೆ.

ಇನ್ನೊಂದು ಮಾತು ಉಳಿದಿದೆ. ಅದೇ ಕಷ್ಟದ್ದು. ಅವತ್ತು ಶಾಸನಸಭೆಯ ಸಭಾಧ್ಯಕ್ಷರು "ಎಲ್ಲರೂ ಮತ ಹಾಕಿದಿರಾ?" ಎಂದು ಕೇಳುವಾಗ ವೆಂಡೆಲ್ ಒಳಗೆ ಬಂದಿದ್ದ. ತನ್ನ ಹೆಸರಿನ ಮುಂದೆ ಕೆಂಪು ನೋಡಿದ. ನನ್ನನ್ನು ನೋಡಿದ. ಬದಲಾಯಿಸಲು ಇನ್ನೂ ಹೊತ್ತಿತ್ತು. ಅವನ ಬೆರಳು ಹಸಿರು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಮತ ಮುಗಿಯಿತೆಂದು ಸಭಾಧ್ಯಕ್ಷರ ಸುತ್ತಿಗೆ ಬಿತ್ತು. ಹನ್ನೊಂದು ವರ್ಷ ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವೆಂಡೆಲ್, ನಾನು ನಿನ್ನ ಹೆಸರಿನಲ್ಲಿ ಸುಳ್ಳು ಒತ್ತಿದೆ. ತಪ್ಪಾಯಿತು. ಆದರೆ ನಿನ್ನ ಬೆರಳು ಯಾಕೆ ನಿಂತಿತು ಎಂದು ನನಗೆ ಗೊತ್ತಿಲ್ಲ. ಆ ಹಾಳೆ ಹಿಡಿದುಕೊಂಡು ಮಂಗಳವಾರ ಈ ಜನ ಮತ ಹಾಕಲು ಹೋಗುತ್ತಾರೆ. ನೀನು ಬೇಡ ಅಂದರೆ ಬೇಡ ಅಂತಲೇ ಹಾಕುತ್ತಾರೆ. ಅದು ನಿನ್ನ ಬಾಯಿಂದಲೇ ಬರಲಿ, ನಾನು ಒತ್ತಿದ ಗುಂಡಿಯಿಂದ ಬೇಡ.

ಅವನು ಏಳುತ್ತಿದ್ದಾನೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಯಾರೂ ಕೂಗಬೇಡಿ. ನಿಧಾನ ಬಾ ಮಾರಾಯ, ಇಲ್ಲೊಂದು ಮೆಟ್ಟಿಲಿದೆ. ಇಷ್ಟು ಹೊತ್ತು ನನ್ನನ್ನು ಹೊರಗೆ ದಬ್ಬದೆ ಕೇಳಿದ ನಿಮಗೆಲ್ಲ ಧನ್ಯವಾದ. ಮೈಕು ಅವನಿಗೆ ಕೊಡುತ್ತಿದ್ದೇನೆ. ನಮಸ್ಕಾರ.