ಪುಟ ನೂರಹನ್ನೆರಡರ ಚಿಲಕ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಕಾದಂಬರಿಯನ್ನು ಬಾಯ್ತುಂಬ ಹೊಗಳಿದ ವಿಮರ್ಶಕ ಮಹನೀಯರೇ, ಅಕ್ಕನ ಮಾತು ಬೇಗ ಮುಗಿಯಲಿ ಎಂದು ಕಾಯುತ್ತಿರುವ ಸಭಿಕರೇ, ಆ ಕಾದಂಬರಿ ಬರೆದು ಇವತ್ತು ಸನ್ಮಾನಿತನಾದ ನನ್ನ ತಮ್ಮನೇ,

ನನ್ನ ಧ್ವನಿ ಸಣ್ಣದು. ಹೊರಗಿನ ಗಲಾಟೆ ಕೇಳಿಸದಿರಲಿ ಎಂದು ಈಗಷ್ಟೇ ಹಿಂದಿನ ಬಾಗಿಲು ಮುಚ್ಚಿಸಿ ಚಿಲಕವನ್ನೂ ಹಾಕಿಸಿದ ಕಾರ್ಯದರ್ಶಿಗಳಿಗೆ ಕೃತಜ್ಞತೆ. ಮಧ್ಯದಲ್ಲಿ ಎದ್ದುಹೋಗಬೇಕೆಂದಿದ್ದವರು ಸಿಕ್ಕಿಬಿದ್ದಿರಿ!

ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದವಳು ನಾನು. ‘ಹೆದರ್ಬೇಡಿ, ಇರುವೆ ಕಚ್ಚಿದ ಹಾಗಾಗತ್ತೆ ಅಷ್ಟೇ’ ಎಂದು ಸಾವಿರಾರು ಜನರಿಗೆ ಸುಳ್ಳು ಹೇಳಿದ್ದೇನೆ. ಸೂಜಿ ಹಿಡಿದಾಗ ಒಂದು ದಿನವೂ ಕೈ ನಡುಗಿದ್ದಿಲ್ಲ. ಇವತ್ತು ಈ ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದೇನೆ, ಮುಂದಿನ ಸಾಲಿನವರಿಗೆ ಕಾಣುತ್ತಿರಬಹುದು.

‘ಕಾದಂಬರಿಯ ನಿಜವಾದ ಅಕ್ಕ’ ಎಂದು ನಿರೂಪಕರು ನನ್ನನ್ನು ಮೈಕಿಗೆ ಕರೆದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಗೇ ನನಗೆ ಹೆದರಿಕೆ. ತಮ್ಮನೂ ತಟ್ಟಿದ, ಆದರೆ ಅವನ ಕಣ್ಣು ಹಿಂದಿನ ಬಾಗಿಲ ಮೇಲೇ ಇದೆ. ಯಾರನ್ನು ಕಾಯುತ್ತಿದ್ದಾನೋ! ‘ಏನು ಮಾತಾಡ್ಲಿ ಕಣೋ?’ ಎಂದು ಬೆಳಗ್ಗೆ ಕೇಳಿದೆ. ‘ಓದಿ ನಿಂಗೇನನ್ನಿಸ್ತೋ ಅದನ್ನೇ ಹೇಳು ಅಕ್ಕ’ ಅಂದ.

ಹೇಳಲೇ? ನನಗೆ ನಿರಾಸೆಯಾಯಿತು.

ಅಧ್ಯಕ್ಷರು ಗಾಬರಿಯಾಗಬಾರದು. ಮೊದಲ ನೂರಹನ್ನೊಂದು ಪುಟ ಓದುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಎಲ್ಲ ಇದ್ದ ಹಾಗೇ ಬರೆದಿದ್ದಾನೆ. ಅಪ್ಪನ ಫೋಟೋ ಸ್ಟುಡಿಯೋ, ಬಣ್ಣ ಮಾಸಿದ ಪರದೆ, ಫೋಟೋ ತೊಳೆಯುವ ಕತ್ತಲೆ ಕೋಣೆ. ಆರು ವರ್ಷದ ಇವನು ಗೊತ್ತಿಲ್ಲದೆ ಆ ಕೋಣೆಯ ಬಾಗಿಲು ತೆಗೆದು, ಬೆಳಕು ಬಿದ್ದು, ಯಾರದೋ ಮದುವೆಯ ಫಿಲಂ ಪೂರ್ತಿ ಹಾಳಾದದ್ದು. ‘ಕತ್ತಲೆ ಅಂದ್ರೇನು ಅಂತ ನಿಂಗೂ ಗೊತ್ತಾಗ್ಲಿ’ ಎಂದು ಅಪ್ಪ ಇವನನ್ನು ಅದೇ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ್ದು. ‘ಚಿಲಕ ಮುಟ್ಟಿದ್ರೆ ನೀನೂ ಒಳಗೆ’ ಎಂದು ಹನ್ನೊಂದು ವರ್ಷದ ನನಗೆ ಹೇಳಿ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಟದ್ದು.

ಮುಂದಿನ ಪುಟ ತಿರುಗಿಸಲು ಧೈರ್ಯ ಬರಲಿಲ್ಲ. ಎರಡು ದಿನ ಪುಸ್ತಕವನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟೆ. ಮುಗಿಯಿತು, ಇನ್ನು ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೆ.

ಪುಟ ನೂರಹನ್ನೆರಡರಲ್ಲಿ ಅಕ್ಕ ಸ್ಟೂಲ್ ಹತ್ತಿ ಚಿಲಕ ತೆಗೆಯುತ್ತಾಳೆ! ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ‘ಧೈರ್ಯವೇ ಮೈವೆತ್ತ ಪಾತ್ರ’ ಎಂದು ಒಬ್ಬರು ಬರೆದರು. ‘ಇಂಥ ಅಕ್ಕ ಎಲ್ಲರಿಗೂ ಸಿಗಲಿ’ ಎಂದು ಇನ್ನೊಬ್ಬರು.

ಮಹನೀಯರೇ, ಸ್ಟೂಲ್ ಬೇಕಿರಲಿಲ್ಲ. ಚಿಲಕ ನನ್ನ ಭುಜದ ಎತ್ತರಕ್ಕೇ ಇತ್ತು.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬರೆದು ತಂದ ಚೀಟಿಯಲ್ಲಿ ಇದಿಲ್ಲ. ‘ಅಕ್ಕಾ, ತೆಗಿ ಅಕ್ಕಾ’ ಅಂತ ಕೂಗ್ತಾನೇ ಇದ್ದ. ಕೇಳಿಸಬಾರದು ಅಂತ ನಾನು ಹದಿಮೂರರ ಮಗ್ಗಿ ಗಟ್ಟಿಯಾಗಿ ಹೇಳ್ತಾ ಕೂತೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನಡುವೆ ಕೂಗು ನಿಂತುಹೋಯಿತು. ಆಗಲೂ ತೆಗೆಯಲಿಲ್ಲ. ಅಪ್ಪನೇ ಬಂದು ತೆಗೆದರು. ಹೊರಗೆ ಬಂದವನು ಬೆಳಕಿಗೆ ಕಣ್ಣು ಬಿಡಲಾಗದೆ ತಡಕಾಡಿ, ನನ್ನ ಕೈಯನ್ನೇ ಹಿಡಿದುಕೊಂಡ.

ಮರೆತಿದ್ದಾನೆಯೇ? ಕ್ಷಮಿಸಿದ್ದಾನೆಯೇ? ನಾನು ಹೀಗೆ ಒದ್ದಾಡಲಿ ಎಂದೇ ಬರೆದನೇ? ಕೇಳುವುದಕ್ಕೆ ಬಾಯಿ ಬಂದಿಲ್ಲ. ನಿಜ ಬರೆದಿದ್ದರೆ ನನ್ನ ಮಾನ ಹೋಗುತ್ತಿತ್ತು, ಹೋಗಲಿ. ಒಳಗಿದ್ದ ಆ ಮಗುವಿನ ಆರು ಗಂಟೆಯಾದರೂ ಪುಸ್ತಕದಲ್ಲಿ ಉಳಿಯುತ್ತಿತ್ತು. ಎರಡೇ ಸಾಲಿನಲ್ಲಿ ಅವನನ್ನು ಹೊರಗೆ ತಂದುಬಿಟ್ಟೆಯಲ್ಲೋ! ನನ್ನ ನಿರಾಸೆ ಅದಕ್ಕೆ.

ನೋಡಿ, ಈಗಲೂ ಅವನು ಆ ಬಾಗಿಲನ್ನೇ ನೋಡುತ್ತಿದ್ದಾನೆ. ಐವತ್ತು ದಾಟಿದವನು, ಫ್ಯಾನಿನ ಕೆಳಗೆ ಕೂತು ಹಣೆ ಒರೆಸಿಕೊಳ್ಳುತ್ತಿದ್ದಾನೆ. ಯಾರನ್ನೂ ಕಾಯುತ್ತಿಲ್ಲ ಅವನು. ಚಿಲಕ ಹಾಕಿದ್ದನ್ನು ನೋಡಿದ್ದಾನೆ.

ಬೇಡ, ಕಾರ್ಯದರ್ಶಿಗಳೇ, ನೀವು ಏಳಬೇಡಿ. ಬಾಗಿಲ ಹತ್ತಿರ ಕೂತವರೂ ಏಳಬೇಡಿ, ದಮ್ಮಯ್ಯ. ನಾನೇ ಹೋಗಿ ತೆಗೆಯುತ್ತೇನೆ. ಮಂಡಿ ನೋವು, ಮೆಟ್ಟಿಲಿಳಿದು ಅಲ್ಲಿಗೆ ಹೋಗಲು ಸ್ವಲ್ಪ ಹೊತ್ತಾಗುತ್ತದೆ, ಸಹಿಸಿಕೊಳ್ಳಿ. ಕರೆದವರಿಗೂ ಕೇಳಿದವರಿಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ. ಬಂದೆ ಕಣೋ, ಇದೋ ಬಂದೆ.